ಶನಿವಾರ ಮಧ್ಯಾಹ್ನದ ವಿದ್ಯಾರ್ಥಿ: ಜೇಮ್ಸ್ ನೇಸ್ಮಿತ್

ಈ ವರ್ಷ ಕನ್ನಡ ಪದವಿ ಪಡೆದು ಹೊರಡುತ್ತಿರುವ ಮಕ್ಕಳಿಗಾಗಿ ಒಬ್ಬ ಸಾಧಕರ ಜೀವನಚರಿತ್ರೆ ಬರೆದುಕೊಡಿ ಎಂದು ಸಂಚಿಕೆಯ ಸಂಪಾದಕಿ ಕೇಳಿದರು. ನಾನು ಎಂಜಿನಿಯರ್ ಆದ್ದರಿಂದ ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ ಬರೆಯುತ್ತೇನೆಂದೇ ಅವರು ಅಂದುಕೊಂಡಿರಬೇಕು. ವಿಶ್ವೇಶ್ವರಯ್ಯನವರ ಬಗ್ಗೆ ನಮ್ಮ ಸಂಚಿಕೆಯಲ್ಲಿ ಪ್ರತಿ ವರ್ಷವೂ ಯಾರಾದರೊಬ್ಬರು ಬರೆದೇ ಬರೆಯುತ್ತಾರೆ. ಈ ಸಲ ನಾಲ್ಕನೇ ತರಗತಿಯ ಮಕ್ಕಳು ಬರೆದಿದ್ದಾರೆ, ಚೆನ್ನಾಗಿಯೇ ಬರೆದಿದ್ದಾರೆ. ಹಾಗಾಗಿ ನಾನು ನಮ್ಮ ನೆರೆಯವರೇ ಎನ್ನಬಹುದಾದ ಒಬ್ಬರನ್ನು ಆರಿಸಿಕೊಂಡೆ. ಮ್ಯಾಂಚೆಸ್ಟರ್‌ನಿಂದ ಲಿವರ್‌ಪೂಲ್‌ಗೆ ನಿಧಾನದ ರೈಲಿನಲ್ಲಿ ಹೋದವರು ಎಕ್ಲ್ಸ್ ಆದ ಮೇಲೆ ಪ್ಯಾಟ್ರಿಕ್ರಾಫ್ಟ್ ಎಂಬ ಪುಟ್ಟ ಸ್ಟೇಷನ್ ನೋಡಿರುತ್ತೀರಿ. ಹಳಿಯ ಪಕ್ಕದಲ್ಲೇ, ಬ್ರಿಜ್‌ವಾಟರ್ ಕಾಲುವೆಯ ದಡದಲ್ಲಿ, ಒಂದು ಕಾಲಕ್ಕೆ ಇವರ ಕಾರ್ಖಾನೆ ಇತ್ತು. ಹೆಸರು ಜೇಮ್ಸ್ ನೇಸ್ಮಿತ್.

ಮಕ್ಕಳಿಗೆ ಒಂದು ಮಾತು. ತರಗತಿಯಲ್ಲಿ ನಾವು ಏಕವಚನ, ಬಹುವಚನ ಎಂದು ತಲೆ ತಿಂದಿದ್ದೇವೆ. ದೊಡ್ಡವರನ್ನು ಅವನು, ಇವನು ಎನ್ನಬಾರದು ಎಂದು ಹೇಳಿಕೊಟ್ಟವನೂ ನಾನೇ. ಆದರೆ ಹತ್ತು ವರ್ಷದ ಹುಡುಗನನ್ನು ಅವರು ಎಂದರೆ ಕನ್ನಡ ಒಪ್ಪುವುದಿಲ್ಲ. ಹಾಗಾಗಿ ಈತ ಹುಡುಗನಾಗಿರುವವರೆಗೆ ಏಕವಚನ, ಕೆಲಸಕ್ಕೆ ಸೇರಿದ ಮೇಲೆ ಬಹುವಚನ. ಎಲ್ಲಿ ಬದಲಾಗುತ್ತದೆ ನೋಡಿಕೊಳ್ಳಿ.

ಜೇಮ್ಸ್ ಹುಟ್ಟಿದ್ದು 1808ರ ಆಗಸ್ಟ್ 19ರಂದು, ಸ್ಕಾಟ್ಲೆಂಡಿನ ಎಡಿನ್‌ಬರೊದಲ್ಲಿ, ಯಾರ್ಕ್ ಪ್ಲೇಸ್ ಎಂಬ ಬೀದಿಯ 47ನೇ ಮನೆಯಲ್ಲಿ. ತಂದೆ ಅಲೆಕ್ಸಾಂಡರ್ ನೇಸ್ಮಿತ್ ಹೆಸರಾಂತ ಚಿತ್ರಕಾರರು. ಕವಿ ರಾಬರ್ಟ್ ಬರ್ನ್ಸ್ ಅವರ ಮುಖ ಎಂದು ಇಂದು ನಾವು ಎಲ್ಲೆಡೆ ನೋಡುವ ಚಿತ್ರ ಅವರು ಬರೆದದ್ದು. ಅಣ್ಣ ಪ್ಯಾಟ್ರಿಕ್ ಚಿತ್ರಕಾರ, ಅಕ್ಕಂದಿರೂ ಚಿತ್ರಕಾರರು. ಮನೆಯಲ್ಲೇ ಚಿತ್ರಕಲೆಯ ಪಾಠ ನಡೆಯುತ್ತಿತ್ತು. ಆದರೆ ಆ ತಂದೆಗೆ ಇನ್ನೊಂದು ಹುಚ್ಚು. ಮನೆಯಲ್ಲಿ ಒಂದು ಕೋಣೆಯನ್ನು ಕೆಲಸದ ಕೋಣೆ ಮಾಡಿಕೊಂಡು, ಕಾಲಿನಿಂದ ತುಳಿಯುವ ಲೇತ್, ವೈಸ್, ಅರಗಳು, ಸುತ್ತಿಗೆಗಳನ್ನು ಇಟ್ಟುಕೊಂಡಿದ್ದರು. ಅವರ ಬಗ್ಗೆ ಒಂದು ಕತೆಯಿದೆ. ಒಂದು ಭಾನುವಾರ ಕಬ್ಬಿಣದ ಒಲೆಯೊಂದಕ್ಕೆ ರಿವೆಟ್ ಹಾಕಬೇಕಾಗಿತ್ತು. ಆ ಕಾಲದ ಸ್ಕಾಟ್ಲೆಂಡಿನಲ್ಲಿ ಭಾನುವಾರ ಸುತ್ತಿಗೆಯ ಸದ್ದು ಕೇಳಿಸಿದರೆ ಬೀದಿಯವರೆಲ್ಲ ಮುಖ ತಿರುಗಿಸುತ್ತಿದ್ದರು. ಅವರು ರಿವೆಟ್ಟನ್ನು ಬಡಿಯುವ ಬದಲು ವೈಸಿನ ಬಾಯಿಗೆ ಕೊಟ್ಟು ಸದ್ದಿಲ್ಲದೆ ಹಿಸುಕಿಬಿಟ್ಟರು. ಬಡಿದದ್ದಕ್ಕಿಂತ ಅದೇ ಚೆನ್ನಾಗಿ ಕೂತಿತು. ಮುಂದೆ ದೊಡ್ಡ ಕಾರ್ಖಾನೆಗಳಲ್ಲಿ ರಿವೆಟ್‌ಗಳನ್ನು ಒತ್ತಿ ಕೂರಿಸುವ ಪದ್ಧತಿಯೇ ಬಂತು. ಮಡಿವಂತ ನೆರೆಹೊರೆಯಿಂದಲೂ ಒಮ್ಮೊಮ್ಮೆ ತಂತ್ರಜ್ಞಾನ ಬೆಳೆಯುತ್ತದೆ ಎಂದು ನನಗೆ ಇದನ್ನು ಓದಿದಾಗಲೆಲ್ಲ ನಗು ಬರುತ್ತದೆ.

ಹುಡುಗನಿಗೆ ಶಾಲೆ ಹಿಡಿಸಲಿಲ್ಲ. ಒಬ್ಬ ಮೇಷ್ಟ್ರು ಸಿಟ್ಟಿನಲ್ಲಿ ಅವನ ತಲೆಯನ್ನು ಗೋಡೆಗೆ ಬಡಿದಿದ್ದರಂತೆ. ಆಮೇಲೆ ಸೇರಿದ ಎಡಿನ್‌ಬರೊ ಹೈಸ್ಕೂಲಿನಲ್ಲಿ ಲ್ಯಾಟಿನ್ ಬಾಯಿಪಾಠ; 12ನೇ ವಯಸ್ಸಿಗೆ ಅದನ್ನೂ ಬಿಟ್ಟ. ಅವನ ನಿಜವಾದ ಶಾಲೆ ನಡೆಯುತ್ತಿದ್ದದ್ದು ಶನಿವಾರ ಮಧ್ಯಾಹ್ನ. ಜಿಮ್ಮಿ ಪ್ಯಾಟರ್ಸನ್ ಎಂಬ ಗೆಳೆಯನ ತಂದೆಗೆ ಕಬ್ಬಿಣದ ಎರಕದ ಕಾರ್ಖಾನೆ ಇತ್ತು. ಇವನು ಬಿಡುವು ಸಿಕ್ಕಾಗಲೆಲ್ಲ ಅಲ್ಲಿಗೆ ಹೋಗಿ ಮರಳಿನಲ್ಲಿ ಅಚ್ಚು ಹೇಗೆ ಮಾಡುತ್ತಾರೆ, ಕಾದ ಕಬ್ಬಿಣದ ಬಣ್ಣ ನೋಡಿ ಅದರ ಹದ ಹೇಗೆ ಹೇಳುತ್ತಾರೆ, ಉಕ್ಕಿಗೆ ನೀರು ಹೇಗೆ ಹಿಡಿಸುತ್ತಾರೆ ಎಂದು ನೋಡುತ್ತಾ ನಿಲ್ಲುತ್ತಿದ್ದ. ಕೆಲಸಗಾರರು ಸುಮ್ಮನೆ ನೋಡಲು ಬಿಡಲಿಲ್ಲ. ಕೈಗೆ ಸುತ್ತಿಗೆ ಕೊಟ್ಟರು. ಇನ್ನೊಬ್ಬ ಗೆಳೆಯ ಟಾಮ್ ಸ್ಮಿತ್, ಅವನ ತಂದೆ ಬಣ್ಣ ತಯಾರಿಸುವವರು. ಅಲ್ಲಿ ಈ ಹುಡುಗರಿಬ್ಬರು ಒಂದು ನಿಯಮ ಮಾಡಿಕೊಂಡಿದ್ದರು: ಪ್ರಯೋಗಕ್ಕೆ ಬೇಕಾದ ರಾಸಾಯನಿಕವನ್ನು ಅಂಗಡಿಯಿಂದ ತರಬಾರದು, ತಾವೇ ತಯಾರಿಸಬೇಕು. ಮನೆಯಲ್ಲಂತೂ ಅಪ್ಪನ ಲೇತ್ ಇದ್ದೇ ಇತ್ತು. ಅದರ ಮೇಲೆ ಬುಗುರಿಗಳನ್ನು ಕಡೆದು ಸಹಪಾಠಿಗಳಿಗೆ ಕೊಡುತ್ತಿದ್ದ. ಎಷ್ಟು ಸಮತೋಲವಾಗಿ ಕಡೆಯುತ್ತಿದ್ದನೆಂದರೆ ತಿರುಗುವಾಗ ಅವು ನಿದ್ದೆ ಹೋದಂತೆ ಅಲುಗದೆ ನಿಲ್ಲುತ್ತಿದ್ದವು. ಶನಿವಾರ ಕನ್ನಡ ಶಾಲೆಗೆ ಬರಬೇಕಲ್ಲ ಎಂದು ಮುಖ ಊದಿಸಿಕೊಳ್ಳುತ್ತಿದ್ದ ಮಕ್ಕಳು ಈ ಭಾಗವನ್ನು ಇನ್ನೊಮ್ಮೆ ಓದಬಹುದು!

1821ರಲ್ಲಿ ಎಡಿನ್‌ಬರೊದಲ್ಲಿ ಸ್ಕೂಲ್ ಆಫ್ ಆರ್ಟ್ಸ್ ಶುರುವಾಯಿತು. ಹೆಸರು ಹಾಗಿದ್ದರೂ ಅದು ಕುಶಲಕರ್ಮಿಗಳಿಗೆ ವಿಜ್ಞಾನ ಕಲಿಸುವ ಸಂಸ್ಥೆ. ಇಂದಿನ ಹೆರಿಯಟ್-ವಾಟ್ ವಿಶ್ವವಿದ್ಯಾಲಯ ಅದರಿಂದಲೇ ಬೆಳೆದದ್ದು. ಜೇಮ್ಸ್ ಅಲ್ಲಿ ಸೇರಿದ. ಅವನ ತಲೆ ತುಂಬ ಆಗ ಉಗಿ ಯಂತ್ರ. ಸುಮಾರು 17ನೇ ವಯಸ್ಸಿಗೆ ಒಂದು ಪುಟ್ಟ ಉಗಿ ಯಂತ್ರ ಮಾಡಿ ಅಪ್ಪನ ಬಣ್ಣ ಅರೆಯಲು ಹಚ್ಚಿದ. ಆದರೆ ಯಂತ್ರಕ್ಕೆ ಹಿತ್ತಾಳೆಯ ಭಾಗಗಳು ಬೇಕು, ಅವನ್ನು ಎರಕ ಹೊಯ್ಯಲು ಕುಲುಮೆ ಬೇಕು. ಅವನು ತನ್ನ ಮಲಗುವ ಕೋಣೆಯನ್ನೇ ಎರಕದ ಮನೆ ಮಾಡಿದ.

ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಈ ವ್ಯಕ್ತಿ ನನಗೆ ಇಷ್ಟವಾದದ್ದೇ ಇಲ್ಲಿ. ಎರಕ ಎಂದರೆ ಮೊದಲು ಬೇಕಾದ ಆಕಾರವನ್ನು ಮರದಲ್ಲಿ ಕೆತ್ತಬೇಕು. ಎರಡು ಭಾಗವಾಗಿ ಬಿಚ್ಚುವ ಪೆಟ್ಟಿಗೆಯಲ್ಲಿ ಒದ್ದೆ ಮರಳು ತುಂಬಿ, ನಡುವೆ ಆ ಮರದ ಮಾದರಿಯನ್ನಿಟ್ಟು ಗಟ್ಟಿಯಾಗಿ ತುಳಿಯಬೇಕು. ಪೆಟ್ಟಿಗೆ ಬಿಚ್ಚಿ ಮಾದರಿಯನ್ನು ಹುಷಾರಾಗಿ ತೆಗೆದರೆ ಮರಳಿನಲ್ಲಿ ಅದರ ಆಕಾರದ ಪೊಳ್ಳು ಉಳಿಯುತ್ತದೆ. ಮತ್ತೆ ಮುಚ್ಚಿ, ಮೇಲಿನ ತೂತಿನಿಂದ ಕರಗಿದ ಲೋಹ ಸುರಿಯಬೇಕು. ಮರಳಿನಲ್ಲಿ ನೀರು ಹೆಚ್ಚಾದರೆ ಉಗಿ ಎದ್ದು ಲೋಹ ಸಿಡಿಯುತ್ತದೆ. ಕಡಿಮೆಯಾದರೆ ಅಚ್ಚು ಉದುರುತ್ತದೆ. ಜೇಮ್ಸ್ ಕೋಣೆಯ ಬೆಂಕಿಗೂಡನ್ನೇ ಕುಲುಮೆ ಮಾಡಿಕೊಂಡ. ತಿದಿಯ ಬದಲು ಚಿಮಣಿಯ ಸೆಳೆತವೇ ಗಾಳಿ ಕೊಡುತ್ತಿತ್ತು. ಹಾಸಿಗೆಯ ಪಕ್ಕದಲ್ಲಿ ಮರಳು, ಮೂಸೆ, ಇಕ್ಕಳ. ಕೆಳಗಿನ ಕೋಣೆಯಲ್ಲಿ ಮಲಗುವವರು ಅಪ್ಪ. ಅವರಿಗೆ ಎಚ್ಚರವಾಗದಂತೆ ನೆಲಕ್ಕೆ ದಪ್ಪ ಕಾರ್ಪೆಟ್ ಹಾಸಿ, ಬೆಳಗಿನ ಜಾವ ನಾಲ್ಕಕ್ಕೆ ಎದ್ದು, ತಿಂಡಿಯ ಹೊತ್ತಿಗೆ ಎರಕ ಮುಗಿಸಿರುತ್ತಿದ್ದ. ಹಗಲು ಅಪ್ಪನ ಕೋಣೆಯ ಲೇತಿನ ಮೇಲೆ ಅದನ್ನು ಕಡೆಯುವುದು. (ಮಕ್ಕಳೇ, ಇದು ಇತಿಹಾಸ, ಮಲಗುವ ಕೋಣೆಯಲ್ಲಿ ಹಿತ್ತಾಳೆ ಕರಗಿಸಬೇಡಿ. ನಿಮ್ಮ ಅಮ್ಮಂದಿರು ನನಗೆ ಫೋನ್ ಮಾಡುತ್ತಾರೆ.)

ಉಗಿ ಯಂತ್ರವನ್ನು ಅರ್ಧಕ್ಕೆ ಸೀಳಿ ಒಳಗಿನ ಕೆಲಸ ಕಾಣುವಂತೆ ತೋರಿಸುವ ಮಾದರಿಗಳನ್ನೂ ಅವನು ಮಾಡುತ್ತಿದ್ದ. ಸ್ಕೂಲ್ ಆಫ್ ಆರ್ಟ್ಸ್ ಪಾಠಕ್ಕೆಂದು ಅಂಥ ಒಂದನ್ನು 10 ಪೌಂಡಿಗೆ ಕೊಂಡಿತು. ಹೀಗೆ ಬಂದ ಹಣದಿಂದ ಎಡಿನ್‌ಬರೊ ವಿಶ್ವವಿದ್ಯಾಲಯದ ತರಗತಿಗಳ ಟಿಕೆಟ್ ಕೊಂಡ. ಅಪ್ಪನನ್ನು ಕೇಳಲಿಲ್ಲ. 1827ರ ಸುಮಾರಿಗೆ ಸ್ಕಾಟ್ಲೆಂಡಿನ ಸೊಸೈಟಿ ಆಫ್ ಆರ್ಟ್ಸ್‌ನವರು 60 ಪೌಂಡ್ ಕೊಟ್ಟು, ರಸ್ತೆಯ ಮೇಲೆ ಓಡುವ ಉಗಿ ಬಂಡಿ ಮಾಡಲು ಹೇಳಿದರು. ರೈಲಲ್ಲ, ರಸ್ತೆಯ ಬಂಡಿ! ಎಂಟು ಜನರನ್ನು ಕೂರಿಸಿಕೊಂಡು ಅದು ಕ್ವೀನ್ಸ್‌ಫೆರಿ ರಸ್ತೆಯಲ್ಲಿ ಓಡಿತು. ಹುಡುಗನಿಗೆ ಆಗ ಇಪ್ಪತ್ತೂ ಆಗಿರಲಿಲ್ಲ.

ಆ ಕಾಲದ ಯಂತ್ರಗಾರರಿಗೆ ಲಂಡನ್ನಿನ ಹೆನ್ರಿ ಮೌಡ್ಸ್ಲೇ ಎಂದರೆ ಗುರುಗಳ ಗುರು. ಲೇತಿನಲ್ಲಿ ಉಳಿಯನ್ನು ಕೈಯಲ್ಲಿ ಹಿಡಿದು ಕಡೆಯುವ ಕಾಲದಲ್ಲಿ, ಉಳಿಯನ್ನು ಗಟ್ಟಿಯಾಗಿ ಹಿಡಿದು ತಿರುಪಿನ ಮೂಲಕ ಸರಿಸುವ ಸ್ಲೈಡ್ ರೆಸ್ಟನ್ನು ಬಳಕೆಗೆ ತಂದು, ಅದರಿಂದ ನಿಖರವಾದ ಸ್ಕ್ರೂಗಳನ್ನು ಕತ್ತರಿಸಿ ತೋರಿಸಿದವರು ಅವರು. 1829ರ ಮೇ ತಿಂಗಳಲ್ಲಿ ತಂದೆ ಮಗ ಇಬ್ಬರೂ ಹಾಯಿ ಹಡಗಿನಲ್ಲಿ ಲಂಡನ್ನಿಗೆ ಹೋದರು, ಮಗ ಮಾಡಿದ ಪುಟ್ಟ ಉಗಿ ಯಂತ್ರವನ್ನೂ ನಕ್ಷೆಗಳನ್ನೂ ಕಟ್ಟಿಕೊಂಡು. ಮೌಡ್ಸ್ಲೇ ಶಿಷ್ಯರನ್ನು ಸೇರಿಸಿಕೊಳ್ಳುವುದನ್ನೇ ನಿಲ್ಲಿಸಿಬಿಟ್ಟಿದ್ದರು. ದುಡ್ಡು ಕೊಟ್ಟು ಸೇರಿದ ಶ್ರೀಮಂತರ ಮಕ್ಕಳು ಕೆಲಸ ಕಲಿಯುವುದಕ್ಕಿಂತ ಕೆಡಿಸಿದ್ದೇ ಹೆಚ್ಚು. ಆದರೂ ಕಾರ್ಖಾನೆ ತೋರಿಸಿದರು. ಬಾಯ್ಲರಿನ ಬಳಿ ಬೂದಿ ಬಾಚುತ್ತಿದ್ದವನನ್ನು ಕಂಡ ಜೇಮ್ಸ್, ಆ ಬೂದಿ ಬಾಚುವ ಕೆಲಸ ಕೊಟ್ಟರೂ ಸಾಕು ಎಂದುಬಿಟ್ಟ. ಮೌಡ್ಸ್ಲೇ ಮನಸ್ಸು ಕರಗಿತು. ಮಾದರಿಯನ್ನು ತಂದು ತೋರಿಸಲು ಹೇಳಿ, ಅದನ್ನು ನೋಡಿದ ಮೇಲೆ ತಮ್ಮ ಸ್ವಂತ ಪುಟ್ಟ ವರ್ಕ್‌ಶಾಪಿಗೆ ಸಹಾಯಕನಾಗಿ ತೆಗೆದುಕೊಂಡರು.

ಇಲ್ಲಿಂದ ಬಹುವಚನ.

ಸಂಬಳ ಎಷ್ಟು ಬೇಕು ಎಂದು ಕೇಳಿದಾಗ ನೇಸ್ಮಿತ್ ಕೇಳಿದ್ದು ವಾರಕ್ಕೆ 10 ಶಿಲಿಂಗ್ ಮಾತ್ರ. ಇನ್ನು ಮುಂದೆ ಅಪ್ಪನಿಂದ ಒಂದು ಕಾಸೂ ಪಡೆಯುವುದಿಲ್ಲ ಎಂದು ನಿಶ್ಚಯಿಸಿದ್ದರು. ಅಷ್ಟರಲ್ಲಿ ಲಂಡನ್ನಿನಲ್ಲಿ ಬಾಡಿಗೆ, ಊಟ ಎರಡೂ ಆಗಬೇಕು. ಹೋಟೆಲ್ ಊಟ ದುಬಾರಿ. ಅದಕ್ಕೆ ಅವರು ಒಂದು ತಗಡಿನ ಪಾತ್ರೆಯ ನಕ್ಷೆ ಬರೆದು ಲ್ಯಾಂಬೆತ್‌ನ ತಗಡು ಕೆಲಸದವನ ಹತ್ತಿರ ಮಾಡಿಸಿಕೊಂಡರು. ಒಳಗೊಂದು ಪಾತ್ರೆ, ಹೊರಗೊಂದು ಕವಚ, ಕೆಳಗೆ ಸಣ್ಣ ಎಣ್ಣೆ ದೀಪ. ಬೆಳಗ್ಗೆ ಮಾಂಸ, ಆಲೂಗಡ್ಡೆ, ಈರುಳ್ಳಿ ಹಾಕಿ ದೀಪ ಸಣ್ಣಗೆ ಇಟ್ಟು ಹೋದರೆ ಸಂಜೆ ಬರುವಷ್ಟರಲ್ಲಿ ಊಟ ಹದವಾಗಿ ಬೆಂದಿರುತ್ತಿತ್ತು. ಒಂದು ಊಟಕ್ಕೆ ತಗಲುತ್ತಿದ್ದ ಖರ್ಚು ನಾಲ್ಕೂವರೆ ಪೆನ್ನಿ. ನಮ್ಮಲ್ಲಿ ಓದಲು ಬಂದ ಹುಡುಗರು ಒಂದು ರೈಸ್ ಕುಕ್ಕರ್ ಹಿಡಿದು ಬರುತ್ತಾರಲ್ಲ, ಹಾಗೆ. ಆ ಪಾತ್ರೆಯನ್ನು ಅವರು ಮುದುಕರಾಗುವವರೆಗೆ ಇಟ್ಟುಕೊಂಡಿದ್ದರು.

ಮೌಡ್ಸ್ಲೇ ಅವರ ಬಳಿ ಕಲಿತದ್ದರಲ್ಲಿ ಎರಡು ವಿಷಯ ಮುಖ್ಯ. ಒಂದು ಅಳತೆ. ಕಾರ್ಖಾನೆಯಲ್ಲಿ ಯಾರ ಅಳತೆ ಸರಿ ಎಂಬ ಜಗಳ ಬಂದರೆ ತೀರ್ಪು ಕೊಡಲು ಮೌಡ್ಸ್ಲೇ ಬಳಿ ಒಂದು ಮೈಕ್ರೋಮೀಟರ್ ಇತ್ತು. ಇಂಚಿನ ಸಾವಿರದ ಒಂದು ಭಾಗಕ್ಕಿಂತ ಸೂಕ್ಷ್ಮವಾಗಿ ಅಳೆಯುತ್ತಿತ್ತು. ಮೇಲೆ ಅಪೀಲು ಇಲ್ಲದ್ದರಿಂದ ಅದಕ್ಕೆ ಲಾರ್ಡ್ ಚಾನ್ಸೆಲರ್ ಎಂದು ಹೆಸರಿಟ್ಟಿದ್ದರು. ಇನ್ನೊಂದು ಸಮತಟ್ಟು. ಚಪ್ಪಟೆ ಎಂದರೆ ನಿಜವಾಗಿ ಚಪ್ಪಟೆಯಾದ ಕಬ್ಬಿಣದ ತಟ್ಟೆ ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಅದನ್ನು ಕೈಯಲ್ಲೇ ಮಾಡಬೇಕು. ಒಂದು ತಟ್ಟೆಗೆ ತೆಳುವಾಗಿ ಬಣ್ಣ ಹಚ್ಚಿ ಇನ್ನೊಂದರ ಮೇಲೆ ಉಜ್ಜಿದರೆ ಉಬ್ಬಿದ ಜಾಗಕ್ಕೆ ಮಾತ್ರ ಬಣ್ಣ ತಾಗುತ್ತದೆ. ಅಲ್ಲಿ ಹೆರೆದು ಮತ್ತೆ ಉಜ್ಜಬೇಕು. ಆದರೆ ಎರಡೇ ತಟ್ಟೆ ಇದ್ದರೆ ಮೋಸವಾಗುತ್ತದೆ: ಒಂದು ಬಟ್ಟಲಿನಂತೆ ತಗ್ಗಿ, ಇನ್ನೊಂದು ಅದಕ್ಕೆ ಸರಿಯಾಗಿ ಉಬ್ಬಿ, ಎರಡೂ ಚೆನ್ನಾಗಿ ಕೂತುಬಿಡಬಹುದು. ಮೂರು ತಟ್ಟೆಗಳಿದ್ದು, ಪ್ರತಿಯೊಂದೂ ಉಳಿದ ಎರಡಕ್ಕೂ ಕೂತರೆ ಮಾತ್ರ ಮೂರೂ ಸಮತಟ್ಟು. ಈ ವಿಧಾನವನ್ನು 1840ರಲ್ಲಿ ಎಲ್ಲರಿಗೂ ಬಿಡಿಸಿ ಹೇಳಿದ ಜೋಸೆಫ್ ವಿಟ್‌ವರ್ತ್ ಕೂಡ ಮೌಡ್ಸ್ಲೇ ಕಾರ್ಖಾನೆಯಲ್ಲಿ ಕೆಲಸ ಮಾಡಿ ಮ್ಯಾಂಚೆಸ್ಟರ್‌ಗೆ ಬಂದವರೇ. ನನ್ನ ಹಿತ್ತಲಿನ ಶೆಡ್ಡಿನಲ್ಲಿ ಹೀಗೆ ಅಂಗೈಯಗಲದ ಮೂರು ತಟ್ಟೆಗಳನ್ನು ಹೆರೆಯುತ್ತಾ ಎರಡು ಚಳಿಗಾಲ ಕಳೆದಿದ್ದೇನೆ. ಬೇರೆ ಯಾವ ಅಳತೆಗೋಲೂ ಇಲ್ಲದೆ, ಬರೀ ಹೋಲಿಕೆ ಮತ್ತು ತಾಳ್ಮೆಯಿಂದ ನಿಖರತೆ ಹುಟ್ಟುವುದನ್ನು ನೋಡುವುದು ಒಂದು ಸುಖ.

ಅಲ್ಲಿದ್ದಾಗಲೇ ನೇಸ್ಮಿತ್ ಮೊದಲ ಸ್ವಂತ ಯಂತ್ರ ಮಾಡಿದರು. 200 ಅಶ್ವಶಕ್ತಿಯ ಹಡಗಿನ ಎಂಜಿನ್ನಿನ ಚಿಕ್ಕ ಮಾದರಿಗೆ ನೂರಾರು ಪುಟ್ಟ ನಟ್‌ಗಳು ಬೇಕಾಗಿದ್ದವು, ಎಲ್ಲವೂ ಆರು ಮೂಲೆಯವು. ಅರದಿಂದ ಒಂದೊಂದನ್ನೇ ಉಜ್ಜುತ್ತಾ ಕೂರುವ ಬದಲು, ತಿರುಗುವ ಕಟರಿನ ಮುಂದೆ ನಟ್ಟನ್ನು ಆರು ಸಮಭಾಗವಾಗಿ ತಿರುಗಿಸಿ ನಿಲ್ಲಿಸುವ ಒಂದು ಸಾಧನವನ್ನು ಲೇತಿಗೆ ಜೋಡಿಸಿದರು. ಒಂದು ಸಲ ಬೇಸರವಾದ ಕೆಲಸಕ್ಕೆ ಯಂತ್ರ ಮಾಡಿಬಿಡುವುದು ಅವರ ಜೀವಮಾನದ ಚಾಳಿ. 1830ರ ಶರತ್ಕಾಲದಲ್ಲಿ ಹೊಸ ಲಿವರ್‌ಪೂಲ್-ಮ್ಯಾಂಚೆಸ್ಟರ್ ರೈಲು ನೋಡಲು ಬಂದವರು ಕಾರ್ಖಾನೆಗಳನ್ನೂ ಕೋಟೆಗಳನ್ನೂ ನೋಡುತ್ತಾ ಲಂಡನ್ನಿಗೆ ಬಹುಮಟ್ಟಿಗೆ ನಡೆದುಕೊಂಡೇ ವಾಪಸಾದರು. 1831ರ ಫೆಬ್ರವರಿಯಲ್ಲಿ ಮೌಡ್ಸ್ಲೇ ತೀರಿಕೊಂಡರು. ಆ ವರ್ಷದ ಆಗಸ್ಟ್‌ವರೆಗೆ ಇದ್ದು, ನೇಸ್ಮಿತ್ ಊರಿಗೆ ಹೊರಟರು. ಹೊರಡುವಾಗ ಅವರು ಕೇಳಿಕೊಂಡದ್ದು ಒಂದೇ: ತಮ್ಮ ಸ್ವಂತ ಯಂತ್ರಗಳಿಗೆ ಬೇಕಾದ ಕೆಲವು ಕಬ್ಬಿಣದ ಎರಕದ ತುಂಡುಗಳು. ಮೌಡ್ಸ್ಲೇ ಪಾಲುದಾರ ಜೋಶುವಾ ಫೀಲ್ಡ್ ಸಂತೋಷದಿಂದ ಕೊಟ್ಟರು.

ಎಡಿನ್‌ಬರೊ ಪಕ್ಕದ ಓಲ್ಡ್ ಬ್ರಾಟನ್‌ನಲ್ಲಿ 24 ಅಡಿ ಉದ್ದ, 16 ಅಡಿ ಅಗಲದ ಒಂದು ತಾತ್ಕಾಲಿಕ ಶೆಡ್. ನಮ್ಮಲ್ಲಿ ಎರಡು ಕಾರು ನಿಲ್ಲಿಸುವ ಗ್ಯಾರೇಜ್ ಅಷ್ಟೇ. ಸಹಾಯಕ್ಕೆ ಆರ್ಚಿ ಟೋರಿ ಎಂಬ ಒಬ್ಬ ಕೆಲಸಗಾರ. ಇಬ್ಬರೂ ಸೇರಿ ಮೊದಲು ಲೇತ್ ಮಾಡಿದರು. ಲೇತಿನ ಸಹಾಯದಿಂದ ಪ್ಲೇನಿಂಗ್ ಯಂತ್ರ, ಅಂದರೆ ಬಡಗಿಯ ಉಜ್ಜುಗೊರಡು ಮರಕ್ಕೆ ಮಾಡುವುದನ್ನು ಕಬ್ಬಿಣಕ್ಕೆ ಮಾಡುವ ಯಂತ್ರ. ಅದು ನಿಂತ ಮೇಲೆ ಕೆಲಸ ಓಡಿತು, ಏಕೆಂದರೆ ನೇರವಾದ ಮೈಗಳನ್ನು ಅದು ಕೊಡತೊಡಗಿತು. ಅವುಗಳಿಂದ ಇನ್ನೂ ಒಳ್ಳೆಯ ಲೇತ್‌ಗಳು, ಕೊರೆಯುವ ಯಂತ್ರಗಳು. ಒಂದು ಯಂತ್ರ ಇನ್ನೊಂದನ್ನು ಹೆರುತ್ತಾ ಹೋಯಿತು. ಇದು ನಮ್ಮ ಕಸುಬಿನ ಒಂದು ವಿಚಿತ್ರ. ಬೇರೆ ಉಪಕರಣಗಳು ಬೇರೆ ಏನನ್ನೋ ಮಾಡುತ್ತವೆ. ಲೇತ್ ಮಾತ್ರ ತನ್ನಂಥದ್ದೇ ಇನ್ನೊಂದು ಲೇತಿನ ಬಹುಪಾಲನ್ನು ತಾನೇ ಮಾಡಬಲ್ಲದು, ತನಗಿಂತ ಒಳ್ಳೆಯದನ್ನೂ ಮಾಡಬಲ್ಲದು. ಇವತ್ತಿಗೂ ಈ ದೇಶದಲ್ಲಿ ಊರೂರಿಗೆ ಮಾಡೆಲ್ ಎಂಜಿನಿಯರ್‌ಗಳ ಸಂಘಗಳಿವೆ. ನಿವೃತ್ತ ಡಾಕ್ಟರ್, ಬಸ್ ಡ್ರೈವರ್, ಮೇಷ್ಟ್ರು ಎಲ್ಲರೂ ಶೆಡ್ಡಿನಲ್ಲಿ ಅಲ್ಯೂಮಿನಿಯಂ ಕರಗಿಸಿ ಸ್ವಂತ ಯಂತ್ರ ಮಾಡುತ್ತಾ ಕೂತಿರುತ್ತಾರೆ. ಅವರ ಮೂಲಪುರುಷ ಯಾರು ಎಂದರೆ ನಾನು ಆ ಶೆಡ್ಡನ್ನು ತೋರಿಸುತ್ತೇನೆ.

1834ರಲ್ಲಿ ಕೈಯಲ್ಲಿ 63 ಪೌಂಡ್ ಹಿಡಿದು ಮ್ಯಾಂಚೆಸ್ಟರ್‌ಗೆ ಬಂದರು. ಡೇಲ್ ಸ್ಟ್ರೀಟಿನ ಹಳೆಯ ಹತ್ತಿ ಗಿರಣಿಯೊಂದರ ಒಂದು ಅಂತಸ್ತು ಬಾಡಿಗೆಗೆ ಸಿಕ್ಕಿತು. ಹತ್ತಿ ಗಿರಣಿಗಳ ಊರು, ಎಲ್ಲರಿಗೂ ಯಂತ್ರ ಬೇಕು. ಆರ್ಡರ್‌ಗಳು ಬಂದವು, ನೆಲದ ಮೇಲೆ ತೂಕ ಏರಿತು. ಕೆಳಗಿನ ಅಂತಸ್ತಿನಲ್ಲಿ ಬಾಡಿಗೆಗಿದ್ದವನು ಗಾಜು ಕತ್ತರಿಸುವವನು! ಒಂದು ದಿನ ಎಂಜಿನ್ನಿನ ದೊಡ್ಡ ತೊಲೆಯ ತುದಿಯೊಂದು ನೆಲ ತೂರಿಕೊಂಡು ಅವನ ಗಾಜಿನ ಸಾಮಾನಿನ ಮಧ್ಯೆ ಇಳಿಯಿತು. ಇನ್ನು ಅಲ್ಲಿರುವಂತಿರಲಿಲ್ಲ. ಪ್ಯಾಟ್ರಿಕ್ರಾಫ್ಟ್‌ನಲ್ಲಿ ಕಾಲುವೆ ಮತ್ತು ರೈಲು ಒಂದನ್ನೊಂದು ದಾಟುವ ಕಡೆ ಆರು ಎಕರೆ ಜಾಗವನ್ನು 999 ವರ್ಷದ ಗುತ್ತಿಗೆಗೆ ಪಡೆದು, 1836ರಲ್ಲಿ ಬ್ರಿಜ್‌ವಾಟರ್ ಫೌಂಡ್ರಿ ಆರಂಭಿಸಿದರು. ಹಣಕಾಸು ನೋಡಿಕೊಳ್ಳಲು ಹೋಲ್‌ಬ್ರೂಕ್ ಗ್ಯಾಸ್ಕೆಲ್ ಪಾಲುದಾರರಾದರು. 1838ರಲ್ಲಿ, ಕರಗಿದ ಕಬ್ಬಿಣದ ಭಾರೀ ಸೌಟನ್ನು ಹಲವರು ಹಿಡಿದು ಬಗ್ಗಿಸುವಾಗ ಸುಟ್ಟುಕೊಳ್ಳುವುದನ್ನು ತಪ್ಪಿಸಲು, ಒಬ್ಬನೇ ದೂರ ನಿಂತು ತಿರುಪು ತಿರುಗಿಸಿ ಬಗ್ಗಿಸುವ ಸೌಟು ಮಾಡಿದರು. ಅದಕ್ಕೆ ಪೇಟೆಂಟ್ ತೆಗೆದುಕೊಳ್ಳದೆ ಎಲ್ಲ ಕಾರ್ಖಾನೆಗಳಿಗೂ ಬಿಟ್ಟುಕೊಟ್ಟರು. ಉಗಿ ಸುತ್ತಿಗೆಗಿಂತ ನನಗೆ ಇದು ದೊಡ್ಡದು.

ಆದರೆ ಲೋಕ ಅವರನ್ನು ನೆನೆಯುವುದು ಸುತ್ತಿಗೆಗೆ. ಬ್ರೂನೆಲ್ ಅವರ ಗ್ರೇಟ್ ಬ್ರಿಟನ್ ಹಡಗಿಗೆ ಪಕ್ಕದ ಚಕ್ರಗಳನ್ನು ತಿರುಗಿಸಲು ಭಾರೀ ಅಚ್ಚು ಬೇಕಾಗಿತ್ತು. ಅಷ್ಟು ದಪ್ಪದ್ದನ್ನು ಬಡಿದು ಕೊಡುವ ಕಮ್ಮಾರಸಾಲೆ ಇಡೀ ದೇಶದಲ್ಲಿ ಇರಲಿಲ್ಲ. ಆಗಿನ ದೊಡ್ಡ ಸುತ್ತಿಗೆಗಳು ಏತದಂತೆ ಏರಿ ಬೀಳುವಂಥವು. ಅಡಿಗಲ್ಲಿನ ಮೇಲಿನ ತುಂಡು ದಪ್ಪವಾದಷ್ಟೂ ಸುತ್ತಿಗೆ ಬೀಳಲು ಇರುವ ಎತ್ತರ ಕಡಿಮೆ. ಎಲ್ಲಕ್ಕಿಂತ ದೊಡ್ಡ ಏಟು ಬೇಕಾದಾಗಲೇ ಎಲ್ಲಕ್ಕಿಂತ ಸಣ್ಣ ಏಟು ಬೀಳುತ್ತಿತ್ತು. ಹಡಗಿನ ಎಂಜಿನಿಯರ್ ಹಂಫ್ರೀಸ್ ಬರೆದ ಪತ್ರ ಓದಿ, 1839ರ ನವೆಂಬರ್ 24ರಂದು ನೇಸ್ಮಿತ್ ತಮ್ಮ ನಕ್ಷೆಯ ಪುಸ್ತಕ ತೆರೆದು ಸುಮಾರು ಅರ್ಧ ಗಂಟೆಯಲ್ಲಿ ಚಿತ್ರ ಬರೆದರು: ಮೇಲೆ ತಲೆಕೆಳಗಾದ ಉಗಿಯ ಸಿಲಿಂಡರ್, ಅದರ ಪಿಸ್ಟನ್ನಿಗೆ ನೇರವಾಗಿ ಕಟ್ಟಿದ ಕಬ್ಬಿಣದ ದಿಮ್ಮಿ, ಕೆಳಗೆ ಅಡಿಗಲ್ಲು. ಉಗಿ ಎತ್ತುತ್ತದೆ, ಬಿಟ್ಟರೆ ಬೀಳುತ್ತದೆ. ಚಿತ್ರಕಾರರ ಮನೆಯಲ್ಲಿ ಹುಟ್ಟಿದ್ದಕ್ಕೆ ಆ ಚಿತ್ರ ಎಷ್ಟು ಸ್ಪಷ್ಟವಾಗಿದೆಯೆಂದರೆ ಅದನ್ನು ನೋಡಿಯೇ ಯಂತ್ರ ಕಟ್ಟಬಹುದು.

ಕಟ್ಟಿಯೂಬಿಟ್ಟರು, ಬೇರೆಯವರು! ಬ್ರೂನೆಲ್ ಹಡಗಿಗೆ ಪಕ್ಕದ ಚಕ್ರದ ಬದಲು ಹಿಂಬದಿಯ ಪ್ರೊಪೆಲ್ಲರ್ ಹಾಕಲು ತೀರ್ಮಾನಿಸಿದ್ದರಿಂದ ಆ ಅಚ್ಚು ಬೇಡವಾಯಿತು, ಚಿತ್ರ ಪುಸ್ತಕದಲ್ಲೇ ಉಳಿಯಿತು. ಫ್ರಾನ್ಸಿನ ಲೆ ಕ್ರೂಸೊ ಕಾರ್ಖಾನೆಯ ಷ್ನೈಡರ್ ಮತ್ತು ಅವರ ಎಂಜಿನಿಯರ್ ಬೂರ್ಡೋನ್, ನೇಸ್ಮಿತ್ ಊರಲ್ಲಿಲ್ಲದಾಗ ಪ್ಯಾಟ್ರಿಕ್ರಾಫ್ಟ್‌ಗೆ ಬಂದರು. ಗ್ಯಾಸ್ಕೆಲ್ ಅವರಿಗೆ ಆ ಪುಸ್ತಕ ತೋರಿಸಿದರು. 1842ರಲ್ಲಿ ಲೆ ಕ್ರೂಸೊಗೆ ಹೋದ ನೇಸ್ಮಿತ್ ಅಲ್ಲಿ ಅಚ್ಚುಕಟ್ಟಾಗಿ ಬಡಿದ ಭಾರೀ ಅಚ್ಚನ್ನು ಕಂಡು, ಇದನ್ನು ಹೇಗೆ ಮಾಡಿದಿರಿ ಎಂದು ಕೇಳಿದರು. ಬೂರ್ಡೋನ್ ಅವರನ್ನು ಕರೆದುಕೊಂಡು ಹೋಗಿ ತೋರಿಸಿದ್ದು ಅವರದೇ ಸುತ್ತಿಗೆಯನ್ನು. ಊರಿಗೆ ಓಡಿಬಂದು ಜೂನ್ ತಿಂಗಳಲ್ಲಿ ಪೇಟೆಂಟ್ ತೆಗೆದುಕೊಂಡರು. ಇದು ನೇಸ್ಮಿತ್ ಹೇಳಿದ ಕತೆ. ಫ್ರೆಂಚರು ಇಂದಿಗೂ ಬೂರ್ಡೋನ್ ಅವರನ್ನೇ ಕರ್ತೃ ಎನ್ನುತ್ತಾರೆ, ಫ್ರಾನ್ಸಿನ ಪೇಟೆಂಟ್ ಅದಕ್ಕೂ ಮುಂಚೆಯೇ ಆಗಿತ್ತು. ಉಗಿಯಿಂದ ಸುತ್ತಿಗೆ ಎತ್ತುವ ಯೋಚನೆ ಜೇಮ್ಸ್ ವಾಟ್‌ಗೂ ಹೊಳೆದಿತ್ತು. ಸುತ್ತಿಗೆ ತಾನಾಗಿಯೇ ಏರಿಳಿಯುವಂತೆ ಮಾಡಿದ ಕವಾಟದ ಜೋಡಣೆಯಲ್ಲಿ ನೇಸ್ಮಿತ್ ಅವರ ಮೇನೇಜರ್ ರಾಬರ್ಟ್ ವಿಲ್ಸನ್ ಪಾಲು ದೊಡ್ಡದು. ತಮ್ಮ ಆತ್ಮಕತೆಯಲ್ಲಿ ನೇಸ್ಮಿತ್ ಇಂಥವರಿಗೆ ಕೊಡಬೇಕಾದಷ್ಟು ಜಾಗ ಕೊಟ್ಟಿಲ್ಲ ಎಂಬುದು ನನ್ನ ಅನಿಸಿಕೆ.

ಸುತ್ತಿಗೆಯ ಸೊಗಸು ಅದರ ಬಲದಲ್ಲಿ ಮಾತ್ರವಲ್ಲ, ಹತೋಟಿಯಲ್ಲಿತ್ತು. ವೈನ್ ಗ್ಲಾಸಿನಲ್ಲಿ ಇಟ್ಟ ಮೊಟ್ಟೆಯ ಚಿಪ್ಪನ್ನು ಗ್ಲಾಸು ಒಡೆಯದಂತೆ ಬಿರಿಸಿ ತೋರಿಸುತ್ತಿದ್ದರು. ಮರುಕ್ಷಣ ಕಟ್ಟಡ ನಡುಗುವ ಏಟು. ಅದೇ ತತ್ವದಿಂದ ನೆಲಕ್ಕೆ ಮರದ ಕಂಬ ಇಳಿಸುವ ಯಂತ್ರ ಮಾಡಿದರು. 1845ರಲ್ಲಿ ಡೆವನ್‌ಪೋರ್ಟ್ ಹಡಗುಕಟ್ಟೆಯಲ್ಲಿ ಪಂದ್ಯ ನಡೆಯಿತು: 70 ಅಡಿಯ ಕಂಬವನ್ನು ಯಂತ್ರ ನಾಲ್ಕೂವರೆ ನಿಮಿಷದಲ್ಲಿ ಇಳಿಸಿತು, ಕೂಲಿಯಾಳುಗಳಿಗೆ ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯಿತು.

ಇಲ್ಲಿ ನಿಂತು ಒಂದು ಅಹಿತವಾದ ವಿಷಯ ಹೇಳಬೇಕು. ಆ ಹನ್ನೆರಡು ಗಂಟೆಯ ಕೂಲಿ ಯಾರ ಮನೆಯ ಒಲೆ ಹಚ್ಚುತ್ತಿತ್ತೋ ಅವರ ಬಗ್ಗೆ ನೇಸ್ಮಿತ್ ಹೆಚ್ಚು ಚಿಂತಿಸಿದಂತೆ ಕಾಣುವುದಿಲ್ಲ. ಕಾರ್ಮಿಕ ಸಂಘಗಳೆಂದರೆ ಅವರಿಗೆ ಆಗುತ್ತಿರಲಿಲ್ಲ. ಮುಷ್ಕರ ಬಂದಾಗ ಸ್ಕಾಟ್ಲೆಂಡಿನಿಂದ ಆಳುಗಳನ್ನು ತರಿಸಿದರು. ತಾವಾಗಿ ನಡೆಯುವ ಯಂತ್ರಗಳ ಒಂದು ಲಾಭವೆಂದರೆ ಅನುಭವಿ ಕೆಲಸಗಾರನ ಜಾಗದಲ್ಲಿ ಹುಡುಗನನ್ನು ನಿಲ್ಲಿಸಬಹುದು ಎಂದು ಮುಚ್ಚುಮರೆಯಿಲ್ಲದೆ ಹೇಳುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿಗೆ ಸೇರಿದಾಗ ಅಲ್ಲಿ ಮೂರು ಹಳೆಯ ಎಚ್‌ಎಂಟಿ ಲೇತ್‌ಗಳೂ ಒಬ್ಬ ಮೇಸ್ತ್ರಿಯೂ ಇದ್ದರು. ಕಡೆದ ತುಂಡಿನ ಮೇಲೆ ಹೆಬ್ಬೆರಳು ಆಡಿಸಿ ಎಷ್ಟು ಉಳಿದಿದೆ ಹೇಳುವವರು. ನನಗೆ ಟೂಲ್ ಸಾಣೆ ಹಿಡಿಯಲು ಕಲಿಸಿದವರು. ಮೂರು ವರ್ಷದಲ್ಲಿ ಸಿಎನ್‌ಸಿ ಬಂತು, ಮೇಸ್ತ್ರಿ ಊರಿಗೆ ಹೋದರು, ಬಟನ್ ಒತ್ತಲು ನನ್ನಂಥ ಹುಡುಗರು ಉಳಿದೆವು. ಹಾಗಾಗಿ ಬೆಳಗಿನ ಜಾವ ಕಾರ್ಪೆಟ್ ಹಾಸಿಕೊಂಡು ಎರಕ ಹೊಯ್ದ ಹುಡುಗನನ್ನು ನಾನು ಪ್ರೀತಿಸಿದಷ್ಟು ಪ್ಯಾಟ್ರಿಕ್ರಾಫ್ಟ್‌ನ ಯಜಮಾನರನ್ನು ಪ್ರೀತಿಸಲಾರೆ. ಇಬ್ಬರೂ ಒಬ್ಬರೇ ಎಂಬುದೂ ನಿಜ.

1856ರ ಕೊನೆಯ ದಿನ, 48ನೇ ವಯಸ್ಸಿಗೆ, ಸಾಕಷ್ಟು ಹಣ ಮಾಡಿದ್ದಾಯಿತು ಎಂದು ಕಾರ್ಖಾನೆ ಬಿಟ್ಟರು. ಪತ್ನಿ ಆ್ಯನ್ ಅವರೊಂದಿಗೆ ಕೆಂಟ್‌ನ ಪೆನ್ಸ್‌ಹರ್ಸ್ಟ್‌ಗೆ ಹೋಗಿ ನೆಲೆಸಿದರು. ಮನೆಗೆ ಇಟ್ಟ ಹೆಸರು ಹ್ಯಾಮರ್‌ಫೀಲ್ಡ್. ಆಕಾಶ ನೋಡುವ ಹವ್ಯಾಸ ಪ್ಯಾಟ್ರಿಕ್ರಾಫ್ಟ್‌ನಲ್ಲೇ ಹತ್ತಿತ್ತು. ಅಲ್ಲಿ ಒಂದು ರಾತ್ರಿ ಬಿಳಿ ನಿಲುವಂಗಿಯಲ್ಲಿ ದೂರದರ್ಶಕ ಹೊತ್ತು ತೋಟದಲ್ಲಿ ಓಡಾಡುತ್ತಿದ್ದ ಅವರನ್ನು ಕಂಡ ಕಾಲುವೆಯ ದೋಣಿಯವನೊಬ್ಬ, ಶವಪೆಟ್ಟಿಗೆ ಹೊತ್ತ ದೆವ್ವ ಎಂದು ಊರೆಲ್ಲ ಸಾರಿದ್ದನಂತೆ. ತಾಮ್ರ ಮತ್ತು ತವರ ಬೆರೆಸಿ ತಾವೇ ಎರಕ ಹೊಯ್ದು, ತಾವೇ ಉಜ್ಜಿದ 20 ಇಂಚಿನ ಕನ್ನಡಿಯ ದೂರದರ್ಶಕ ಅವರದು. ದೊಡ್ಡ ದೂರದರ್ಶಕಕ್ಕೆ ಕಣ್ಣಿಡಲು ಏಣಿ ಹತ್ತಬೇಕು. ನೇಸ್ಮಿತ್‌ಗೆ ಅದು ಬೇಸರ. ಮತ್ತೆ ಅದೇ ಚಾಳಿ! ಒಳಗೆ ಮೂರನೇ ಕನ್ನಡಿಯೊಂದನ್ನು ಓರೆಯಾಗಿಟ್ಟು, ಕೊಳವೆ ತೂಗುವ ಅಕ್ಷದ ಮೂಲಕವೇ ಬೆಳಕನ್ನು ಪಕ್ಕಕ್ಕೆ ಹೊರತಂದರು. ದೂರದರ್ಶಕ ಮೇಲೆ ಕೆಳಗೆ ಎತ್ತ ಬಾಗಿದರೂ ಕಣ್ಣಿಡುವ ಜಾಗ ಒಂದೇ. ಆರಾಮಾಗಿ ಕುರ್ಚಿಯಲ್ಲಿ ಕೂತೇ ಚಂದ್ರನನ್ನು ನೋಡಿದರು. ಈ ಜೋಡಣೆಗೆ ಇಂದಿಗೂ ನೇಸ್ಮಿತ್ ಫೋಕಸ್ ಎಂದೇ ಹೆಸರು. ಹವಾಯಿಯ ಕೆಕ್ ದೂರದರ್ಶಕಗಳಲ್ಲಿ ಭಾರವಾದ ಉಪಕರಣಗಳು ಕೂರುವುದು ಇದರ ಬಳಿಯ ವೇದಿಕೆಗಳ ಮೇಲೆ. ಬೆಂಗಳೂರಿನ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಪಾಲ್ಗೊಂಡಿರುವ ಮೂವತ್ತು ಮೀಟರ್ ದೂರದರ್ಶಕದ ಯೋಜನೆಯಲ್ಲೂ ನೇಸ್ಮಿತ್ ವೇದಿಕೆಗಳಿವೆ.

ಚಂದ್ರನ ಬಗ್ಗೆ ಜೇಮ್ಸ್ ಕಾರ್ಪೆಂಟರ್ ಜತೆ 1874ರಲ್ಲಿ ಒಂದು ಪುಸ್ತಕ ತಂದರು. ಆಗ ದೂರದರ್ಶಕದ ಮೂಲಕ ಅಷ್ಟು ಸ್ಪಷ್ಟ ಫೋಟೋ ತೆಗೆಯಲು ಆಗುತ್ತಿರಲಿಲ್ಲ. ಇವರು ಕಂಡದ್ದನ್ನು ಚಿತ್ರ ಬರೆದು, ಅದನ್ನು ಪ್ಲಾಸ್ಟರಿನಲ್ಲಿ ಮಾಡಿ, ಓರೆ ಬಿಸಿಲಿನಲ್ಲಿಟ್ಟು ಫೋಟೋ ತೆಗೆದರು. ಚಂದ್ರನ ಮೇಲಿನ ಬೆಟ್ಟಸಾಲುಗಳು ಒಳಭಾಗ ಕುಗ್ಗಿದ್ದರಿಂದ ಆದ ಸುಕ್ಕುಗಳು ಎಂದು ತೋರಿಸಲು ಒಣಗಿದ ಸೇಬಿನ ಮತ್ತು ಮುದಿ ಕೈಯ ಫೋಟೋಗಳನ್ನು ಪಕ್ಕಪಕ್ಕ ಹಾಕಿದರು. ಕುಳಿಗಳು ಜ್ವಾಲಾಮುಖಿಯಿಂದಾದವು ಎಂಬ ಅವರ ವಾದ ನಿಲ್ಲಲಿಲ್ಲ, ಅವು ಬಂಡೆಗಳು ಬಂದು ಬಡಿದು ಆದವು. ಸುತ್ತಿಗೆಯ ಮನುಷ್ಯನಿಗೆ ಅದು ಹೊಳೆಯದೆ ಹೋದದ್ದು ತಮಾಷೆ. ಚಂದ್ರನ ಮೇಲೆ ಅವರ ಹೆಸರಿನ ಕುಳಿಯೂ ಇದೆ.

1890ರ ಮೇ 7ರಂದು ಲಂಡನ್ನಿನಲ್ಲಿ ತೀರಿಕೊಂಡರು, ಸಮಾಧಿ ಎಡಿನ್‌ಬರೊದಲ್ಲಿದೆ. ಮಕ್ಕಳಿರಲಿಲ್ಲ. ಕಾರ್ಖಾನೆ ಮುಂದೆ ನೇಸ್ಮಿತ್ ವಿಲ್ಸನ್ ಎಂಬ ಹೆಸರಿನಲ್ಲಿ ಭಾರತಕ್ಕೂ ರೈಲು ಎಂಜಿನ್‌ಗಳನ್ನು ಕಳಿಸಿ, 1940ರಲ್ಲಿ ಸರ್ಕಾರದ ವಶವಾಯಿತು. ಅದರ ಉಗಿ ಸುತ್ತಿಗೆಯೊಂದನ್ನು ನೋಡಬೇಕೆನ್ನುವವರು ದೂರ ಹೋಗಬೇಕಾಗಿಲ್ಲ. ಬೋಲ್ಟನ್ ಊರಿನ ವಿಶ್ವವಿದ್ಯಾಲಯದ ಆವರಣದಲ್ಲಿ, ಹಳೆಯ ಕಬ್ಬಿಣದ ಕಾರ್ಖಾನೆಯೊಂದರಿಂದ ತಂದ 1917ರ ನೇಸ್ಮಿತ್ ವಿಲ್ಸನ್ ಸುತ್ತಿಗೆ ಬಯಲಲ್ಲೇ ನಿಂತಿದೆ. ಎರಡು ಕಾಲು ಅಗಲಿಸಿ ನಿಂತ ಕಪ್ಪು ದೈತ್ಯನಂತಿದೆ. ಬೋಲ್ಟನ್ ಸ್ಟೇಷನ್ನಿನಿಂದ ನಡೆದೇ ಹೋಗಬಹುದು. ಕಾರು ತಂದರೆ ಪಾರ್ಕಿಂಗ್ ಕಷ್ಟ.